ರೂಮಿ ಬೇಕು, ಕುರಾನ್ ಬೇಡ್ವಾ?

ಸಂಪಾದಕರಿಗೆ ನಮಸ್ಕಾರ,

ವಾಟ್ಸಾಪ್ ಸ್ಟೇಟಸ್ಸು, ಕಾಫಿ ಮಗ್ಗು, ಮದುವೆ ಕಾರ್ಡು ಎಲ್ ನೋಡಿದ್ರೂ ರೂಮಿ ಸಾಲುಗಳೇ, ಅದರಲ್ಲಿ ನಂಗೇನೂ ತಕರಾರಿಲ್ಲ, ಆದ್ರೆ ಆ ರೂಮಿ ಯಾರು ಅಂತ ಕೇಳಿದ್ರೆ ಯಾವುದೋ ಪ್ರೇಮಕವಿ ಅಂತಾರೆ. 1207ರಲ್ಲಿ ಹುಟ್ಟಿ ಇವತ್ತಿನ ಟರ್ಕಿಯ ಕೊನ್ಯಾದಲ್ಲಿ 1273ರಲ್ಲಿ ತೀರಿಕೊಂಡ ಈ ಮನುಷ್ಯ ಮದರಸಾದಲ್ಲಿ ಪಾಠ ಹೇಳ್ತಿದ್ದ ಧರ್ಮಪಂಡಿತ ಕಣ್ರೀ. ಅವರ ಮಸ್ನವಿ ಅನ್ನೋ ದೊಡ್ಡ ಕಾವ್ಯ ಆರು ಸಂಪುಟ, ಸುಮಾರು 25,000 ದ್ವಿಪದಿ, ಪುಟ ತಿರುವಿದ್ರೆ ಕುರಾನ್ ವಾಕ್ಯ, ಹದೀಸು (ಪ್ರವಾದಿ ಮುಹಮ್ಮದರ ನಡೆನುಡಿಯ ದಾಖಲೆ), ಪ್ರವಾದಿಗಳ ಕಥೆ ಸಿಗ್ತಾನೇ ಇರುತ್ತೆ.

ಅಮೆರಿಕದಲ್ಲಿ ರೂಮಿನ ಮನೆಮಾತು ಮಾಡಿದ ಕವಿ ಕೋಲ್ಮನ್ ಬಾರ್ಕ್ಸ್‌ಗೆ ರೂಮಿ ಬರೆದ ಪಾರ್ಸಿ (ಪರ್ಷಿಯನ್) ಭಾಷೆ ಬರ್ತಿರಲಿಲ್ಲ, ನಿಕೋಲ್ಸನ್ ಥರದವರ ಹಳೇ ಇಂಗ್ಲಿಷ್ ಅನುವಾದಗಳನ್ನೇ ಇಟ್ಕೊಂಡು ತಮ್ಮ ಧಾಟಿಲಿ ಬರೆದ್ರು. ಓದೋಕೆ ಚಂದಾನೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಬಾರ್ಕ್ಸ್ ಬರೆದ, ತುಂಬಾ ಫೇಮಸ್ ಆದ ಆ 'ಸರಿ ತಪ್ಪುಗಳಾಚೆ ಒಂದು ಬಯಲು' ಅನ್ನೋ ಸಾಲು ಇದೆಯಲ್ಲ, ರೂಮಿ ಹೆಸರಲ್ಲಿರೋ ಮೂಲ ಪದ್ಯದಲ್ಲಿ ಅದು ಸರಿ ತಪ್ಪು ಅಲ್ಲ, ಕುಫ್ರ್ (ಅಂದ್ರೆ ದೇವರಲ್ಲಿ ನಂಬಿಕೆ ಇಲ್ಲದಿರೋದು) ಮತ್ತು ಇಸ್ಲಾಂ! ನಂಬಿಕೆಯೊಳಗೇ ಬದುಕಿದವನು ಅದನ್ನೂ ದಾಟಿದ ಬಯಲಿನ ಮಾತಾಡೋದಕ್ಕೂ ಸುಮ್ನೆ ನೀತಿ ಗೀತಿ ಬಿಟ್ಟಾಕು ಅನ್ನೋದಕ್ಕೂ ಎಷ್ಟ್ ವ್ಯತ್ಯಾಸ ನೋಡಿ.

ಬಸವಣ್ಣನವರ ವಚನದಿಂದ ಕೂಡಲಸಂಗಮದೇವನ್ನ ಕತ್ತರಿಸಿ ಮಗ್ ಮೇಲೆ ಹಾಕಿದ್ರೆ ನಾವು ಸುಮ್ನಿರ್ತೀವಾ?

ನಿಮ್ಮ ಭಾನುವಾರದ ಪುರವಣಿಲಿ ರೂಮಿ ಸಾಲು ಹಾಕುವಾಗ ಯಾವ ಕೃತಿ, ಯಾರ ಅನುವಾದ ಅಂತ ಕೆಳಗೆ ಒಂದು ಲೈನ್ ಹಾಕಿ ಸಾಕು.

ಇಂತಿ,
ನಿಮ್ಮ ಹಳೇ ಓದುಗ, ಧಾರವಾಡ