ಕರಾವಳಿಯ ಯುವಜನರಿಗೆ ಬೇಕು ಜಂಟಿ ಉದ್ಯೋಗ ಸಮಿತಿ

ಮಾನ್ಯರೇ,

ಉದ್ಯೋಗ ಮೇಳಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಆಗಾಗ ಓದುತ್ತೇನೆ. ಎಷ್ಟು ಕಂಪೆನಿಗಳು ಬಂದವು, ಎಷ್ಟು ಮಂದಿ ಹೆಸರು ಬರೆಸಿದರು ಎಂಬ ಲೆಕ್ಕ ಇರುತ್ತದೆ. ಆರು ತಿಂಗಳು ಕಳೆದ ಮೇಲೆ ಅವರಲ್ಲಿ ಎಷ್ಟು ಮಂದಿ ಕೆಲಸದಲ್ಲಿ ಉಳಿದಿದ್ದಾರೆ ಎಂಬ ಲೆಕ್ಕ ಎಲ್ಲೂ ಕಾಣುವುದಿಲ್ಲ. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತನಾದ ನನ್ನನ್ನು ಇದು ಬಹಳ ಕಾಡುತ್ತದೆ.

ಕುಂದಾಪುರದ ಹುಡುಗ ಕೆಲಸ ಹುಡುಕಿಕೊಂಡು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಾನೆ. ಮಂಜೇಶ್ವರದ ಹುಡುಗಿ ತಲಪಾಡಿ ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಬರುತ್ತಾಳೆ. ಭಟ್ಕಳ, ಹೊನ್ನಾವರದವರು ಉಡುಪಿಯ ಮಲ್ಪೆ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ದುಡಿಯುತ್ತಾರೆ. ಆದರೆ ತರಬೇತಿಯ ಯೋಜನೆ ಮಾತ್ರ ಜಿಲ್ಲೆಗೊಂದು, ಕಾಸರಗೋಡಿನದು ಬೇರೆ ರಾಜ್ಯದ್ದೇ. ಉಡುಪಿಯಲ್ಲಿ ಯಾವ ಟ್ರೇಡ್ ಕಲಿಸಬೇಕು ಎಂದು ತೀರ್ಮಾನಿಸುವವರಿಗೆ ಪಣಂಬೂರು, ಸುರತ್ಕಲ್ ಕಡೆಯ ಉದ್ದಿಮೆಗಳಿಗೆ ಮುಂದಿನ ಎರಡು ವರ್ಷ ಯಾರು ಬೇಕಾಗುತ್ತಾರೆ ಎಂಬುದು ತಿಳಿದಿರಬೇಡವೇ?

ಯುರೋಪಿನಲ್ಲಿ ದೇಶ ದೇಶಗಳ ನಡುವೆಯೇ ಇಂಥ ಹೊಂದಾಣಿಕೆ ಮಾಡಿಕೊಂಡಿದ್ದಾರೆ. ಗಡಿಯಾಚೆ ಹೋಗಿ ದುಡಿಯುವವರಿಗಾಗಿ ಅಲ್ಲಿನ ಉದ್ಯೋಗ ಕಚೇರಿಗಳು 1994ರಿಂದ 'ಯುರೇಸ್' ಎಂಬ ಜಾಲದಲ್ಲಿ ಕೂಡಿ ಕೆಲಸ ಮಾಡುತ್ತಿವೆ. 2013ರಲ್ಲಿ ಬಂದ 'ಯೂತ್ ಗ್ಯಾರಂಟಿ'ಯ ಪ್ರಕಾರ, ಓದು ಮುಗಿಸಿದ, ಬಿಟ್ಟ ಅಥವಾ ಕೆಲಸ ಕಳೆದುಕೊಂಡ ಯುವಕರಿಗೆ ನಾಲ್ಕು ತಿಂಗಳೊಳಗೆ ಕೆಲಸ, ಮುಂದಿನ ಓದು, ಅಪ್ರೆಂಟಿಸ್‌ಶಿಪ್ ಇಲ್ಲವೇ ತರಬೇತಿಯ ಅವಕಾಶ ಕೊಡಬೇಕು. 2020ರಲ್ಲಿ ಇದನ್ನು 30 ವರ್ಷದೊಳಗಿನವರಿಗೂ ವಿಸ್ತರಿಸಿದರು. ಎಲ್ಲ ದೇಶಗಳಲ್ಲೂ ಅದು ಪೂರ್ತಿ ಜಾರಿಯಾಗಿಲ್ಲ, ನಿಜ. ಆದರೂ ನಾಲ್ಕು ತಿಂಗಳು ಎಂಬ ಗಡುವು ಇರುವುದರಿಂದ ಕೇಳುವವನಿಗೆ ಒಂದು ಆಧಾರವಿದೆ. ನಮ್ಮ ರಾಜ್ಯದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುತ್ತದೆ. ಬಡ ಮನೆಗೆ ಅದು ದೊಡ್ಡ ಆಸರೆ, ಬೇಡವೆನ್ನಲಾರೆ. ಆದರೆ ಆ ಎರಡು ವರ್ಷದಲ್ಲಿ ಮಕ್ಕಳು ಏನು ಕಲಿತರು ಎಂದು ವಿಚಾರಿಸುವ ವ್ಯವಸ್ಥೆಯೂ ಜೊತೆಗಿರಬೇಕು.

ಮಾದರಿಗಾಗಿ ಯುರೋಪಿಗೇ ಹೋಗಬೇಕೆಂದಿಲ್ಲ. ಧರ್ಮಸ್ಥಳದ ಸಂಸ್ಥೆ ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಇಂದು ದೇಶದ ಉದ್ದಗಲಕ್ಕೂ ಇರುವ ಆರ್‌ಸೆಟಿಗಳಿಗೆ, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ, ಅದೇ ಮೂಲ. ಅಲ್ಲಿ ತರಬೇತಿ ಕೆಲವೇ ವಾರಗಳದ್ದು. ಅದು ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುತ್ತಾರೆ. ಉದ್ಯೋಗ ಮೇಳದಲ್ಲಿ ಇಲ್ಲದಿರುವುದು ಇದೇ.

ಕಲಿಕೆಯೆಂದರೆ ಇಪ್ಪತ್ತೆರಡರ ಪದವಿಗೆ ಮುಗಿಯುವಂಥದ್ದೂ ಅಲ್ಲ. ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವ ಎಷ್ಟೋ ಯುವಕರ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ. ಹಾಗಾಗಿ ಬಂದರಿನಾಚೆ ಅವರ ಕೆಲಸಕ್ಕೆ ಬೆಲೆ ಸಿಗುವುದಿಲ್ಲ. ಅನುಭವದಿಂದ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶ ಕೇಂದ್ರದ ಕೌಶಲ ಯೋಜನೆಯಲ್ಲೇ ಉಂಟು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟು ರಿಪೇರಿ ಮಾಡುವವರಿಗೆ ಅದು ಬಿಡುವಿಲ್ಲದ ಕಾಲ, ಅವರನ್ನು ತರಗತಿಗೆ ಕರೆದರೆ ಬರಲಾರರು. ಪರೀಕ್ಷಕರೇ ಬಂದರಿಗೆ ಹೋಗಿ ಕೆಲಸ ನೋಡಿ ಅಂಕ ಕೊಡಲಿ. ಊರಿಗೆ ಮರಳುವ ಬೋಟಿನ ಕಾರ್ಮಿಕರಿಗೆ ಆಯಾ ತಾಲೂಕಿನ ಐಟಿಐಯಲ್ಲೇ ಡೀಸೆಲ್ ಮೆಕ್ಯಾನಿಕ್, ವೆಲ್ಡಿಂಗ್, ಶೀತಲೀಕರಣದ ಕಿರು ಕೋರ್ಸ್ ನಡೆಸಬಹುದು. ಮಲ್ಪೆಯ ಅಗತ್ಯಕ್ಕೆ ಹೊನ್ನಾವರದಲ್ಲಿ ಪಾಠವಾಗಬೇಕಾದರೆ ಎರಡು ಜಿಲ್ಲೆಗಳು ಮೊದಲು ಮಾತಾಡಿಕೊಳ್ಳಬೇಕು.

ಆದ್ದರಿಂದ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಜಿಲ್ಲಾಧಿಕಾರಿಗಳು ಕಾಸರಗೋಡಿನವರನ್ನೂ ಕರೆದು, ಉದ್ದಿಮೆದಾರರು ಮತ್ತು ಐಟಿಐ ಪ್ರಾಂಶುಪಾಲರು ಇರುವ ಜಂಟಿ ಸಮಿತಿಯೊಂದನ್ನು ರಚಿಸಬೇಕೆಂದು ವಿನಂತಿ. ಅದರಲ್ಲಿ ಇಪ್ಪತ್ತು-ಮೂವತ್ತರ ವಯಸ್ಸಿನವರೂ ಸದಸ್ಯರಾಗಿರಲಿ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಅಪ್ರೆಂಟಿಸ್ ಕಾಯ್ದೆಯ ನಿಯಮವೇ ಹೇಳುತ್ತದೆ. ಕರಾವಳಿಯಲ್ಲಿ ಅಂಥ ಸಂಸ್ಥೆಗಳು ಯಾವುವು, ಎಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬ ಪಟ್ಟಿಯನ್ನು ಸಮಿತಿ ಮೊದಲು ಪ್ರಕಟಿಸಲಿ. ಬೋಟಿನ ಕಾರ್ಮಿಕರ ಕಿರು ಕೋರ್ಸ್‌ಗಳ ಅರ್ಜಿ ಮುಂದಿನ ಮೇ ತಿಂಗಳೊಳಗೆ ಹುಡುಗರ ಕೈ ಸೇರಲಿ.

– ನಿವೃತ್ತ ಐಟಿಐ ತರಬೇತಿ ಅಧಿಕಾರಿ, ಉಡುಪಿ