ಮಗಳಿಗೊಂದು ಪತ್ರ: 17ನೇ ಕಿಲೋಮೀಟರಿನಲ್ಲಿ ಕೂತು ಅತ್ತಿದ್ದು

ಪುಟ್ಟೀ,

ಮೊನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿದೆ. "ಪ್ರಾರ್ಥನೆಗೆ ಕೂತರೆ ಒಂದು ಮಾತೂ ಬರ್ತಿಲ್ಲ ಅಮ್ಮ, ದೇವರು ಎಲ್ಲೋ ದೂರ ಹೋದ ಹಾಗಿದೆ, ಓದೋಕೂ ಮನಸ್ಸಿಲ್ಲ." ಫೋನಿನಲ್ಲಿ ಹೇಳಿದರೆ "ಹ್ಞೂ ಹ್ಞೂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹೆದರಬೇಡ, ಓಟದ ವಿಷಯ.

ನನ್ನ ಮೊದಲ ಹಾಫ್ ಮ್ಯಾರಥಾನ್, ಆ 21 ಕಿಲೋಮೀಟರ್ ಓಟ, ನೆನಪಿದೆ ಅಲ್ವಾ? ಹಿಂದಿನ ರಾತ್ರಿ ಗಾಬರಿಗೆ ಊಟ ಸೇರಲಿಲ್ಲ, ಬೆಳಿಗ್ಗೆ ಬರೀ ಅರ್ಧ ಲೋಟ ಕಾಫಿ, ಸಾಲದ್ದಕ್ಕೆ ಶುರುವಿನಲ್ಲೇ ಹುಡುಗರ ಹಿಂದೆ ಬಿದ್ದು ಜೋರಾಗಿ ಓಡಿಬಿಟ್ಟೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ಹರಟಿಕೊಂಡು ಓಡುತ್ತೇನಲ್ಲ, ಅದೇ ನನ್ನ ವೇಗ ಅನ್ನೋದು ಮರೆತೇ ಹೋಗಿತ್ತು. 17ನೇ ಕಿಲೋಮೀಟರಿಗೆ ಕಾಲು ನಿಂತಿತು. ಕಾಲಿನ ಮಾತು ಬಿಡು, ತಲೆಯೊಳಗೆ ಏನೇನೋ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ, ಯಾವ ಕೆಲಸಕ್ಕೂ ಬಾರದವಳು ನಾನು, ದೇವರಿಗಂತೂ ನನ್ನ ನೆನಪೇ ಇಲ್ಲ ಅಂತ ರಸ್ತೆ ಪಕ್ಕ ಕೂತು ಅತ್ತೆ. ಯಾರೋ ಒಬ್ಬರು ಅಜ್ಜ ಬಂದು, ಏನೂ ಕೇಳದೆ, ಬಾಳೆಹಣ್ಣು, ಒಂದು ಚೂರು ಬೆಲ್ಲ, ನೀರು ಕೊಟ್ಟು ಹೋದರು. ಕಾಲು ಗಂಟೆಗೆ ಎದ್ದೆ. ನಡೆದೆ, ಆಮೇಲೆ ಕುಂಟಿಕೊಂಡು ಓಡಿದೆ. ದೇವರು ನನ್ನನ್ನು ಮರೆತಿದ್ದಾನೆ ಅನ್ನುವ ಆ ದೊಡ್ಡ ದುಃಖ ಒಂದು ಬಾಳೆಹಣ್ಣಿಗೆ ಕರಗಿತ್ತು!

ಆಮೇಲೆ ಗೊತ್ತಾಯಿತು. ಸ್ನಾಯುಗಳಲ್ಲಿ, ಲಿವರಿನಲ್ಲಿ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಜೋರಾಗಿ ಓಡಿದರೆ ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತಾ ಬರುತ್ತದೆ. ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್ ಓಡುವವರಿಗೆ 30ನೇ ಕಿಲೋಮೀಟರಿನ ಆಸುಪಾಸು ಹೀಗಾಗುತ್ತದಂತೆ, ಓಟಗಾರರು ಅದನ್ನು 'ವಾಲ್', ಅಂದರೆ ಗೋಡೆ, ಅನ್ನುತ್ತಾರೆ. ಮಿದುಳಿಗೂ ಸಕ್ಕರೆ ಬೇಕು ನೋಡು, ಅದಕ್ಕೇ ಮನಸ್ಸೂ ಮಂಕಾಗುತ್ತದೆ.

ಓಟ ಅಂದರೆ ಸಾಕು, ಚರ್ಚಿನಲ್ಲಿ ಎಲ್ಲರೂ ಬಹುಮಾನ ಸಿಗುವ ಹಾಗೆ ಓಡಿ ಅನ್ನುವ ಅಪೊಸ್ತಲ ಪೌಲನ ಮಾತನ್ನೇ ಎತ್ತುತ್ತಾರೆ. ನನಗೆ ಬಹುಮಾನ ಬರುವ ಹಾಗಿಲ್ಲ, ಅದಕ್ಕೋ ಏನೋ, ಪ್ರವಾದಿ ಎಲೀಯನೇ ಇಷ್ಟ. ಬೈಬಲಿನಲ್ಲಿ 1 ಅರಸುಗಳು ಪುಸ್ತಕದ 18, 19ನೇ ಅಧ್ಯಾಯ ತೆಗೆದು ಓದು. ಕರ್ಮೆಲ್ ಬೆಟ್ಟದಲ್ಲಿ ಬಾಳ್ ದೇವರ ಪ್ರವಾದಿಗಳ ಎದುರು ಗೆದ್ದು, ಅಹಾಬ ರಾಜನ ರಥದ ಮುಂದೆ ಇಜ್ರೇಲ್ ಊರಿನವರೆಗೆ ಓಡಿದ. 20 ಕಿಲೋಮೀಟರಿಗೂ ಜಾಸ್ತಿ ದೂರ ಅದು! ರಾಣಿ ಈಜೆಬೆಲಳ ಬೆದರಿಕೆ ಬಂದಾಗ ಮತ್ತೆ ಓಟ. ಕೊನೆಗೆ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ. ಅಂಥ ಪ್ರವಾದಿ! ದೇವದೂತ ಬಂದು ನಂಬಿಕೆ ಎಲ್ಲಿ ಹೋಯಿತು ಅಂತ ಬೈಯಲಿಲ್ಲ. ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ, ದಾರಿ ಇನ್ನೂ ಬಹಳ ದೂರ ಇದೆ ಅಂತ. ದೇವರ ಮೆಲುದನಿ ಕೇಳಿದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಅದಕ್ಕೇ ಕೇಳುತ್ತಿದ್ದೇನೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯ? ಮೆಸ್ಸಿನಲ್ಲಿ ತಿಂಡಿ ಬಿಟ್ಟು ಎಷ್ಟು ದಿನ ಆಯಿತು? ಎರಡು ವಾರ ಸರಿಯಾಗಿ ತಿಂದು ಮಲಗಿ ನೋಡು. ಆಗಲೂ ಹೀಗೇ ಇದ್ದರೆ ಮುಚ್ಚಿಡದೆ ಹೇಳು, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ, ಅದರಲ್ಲಿ ನಾಚಿಕೆ ಏನಿದೆ.

ಪ್ರಾರ್ಥನೆಗೆ ಮಾತು ಬರದಿದ್ದರೆ 23ನೇ ಕೀರ್ತನೆ ಮೆಲ್ಲಗೆ ಹೇಳಿಕೋ, ಅರ್ಧಕ್ಕೆ ನಿದ್ದೆ ಬಂದರೂ ಪರವಾಗಿಲ್ಲ. ನನಗೂ ಎಷ್ಟೋ ದಿನ ಓಡುವ ಮನಸ್ಸೇ ಇರುವುದಿಲ್ಲ. ಸುಮ್ನೆ ಶೂ ಹಾಕಿಕೊಂಡು ಗೇಟಿನವರೆಗೆ ಹೋಗುತ್ತೇನೆ. ಕೆಲವೊಮ್ಮೆ ಅಲ್ಲಿಂದಲೇ ವಾಪಸ್ ಬಂದಿದ್ದೂ ಇದೆ, ನಿಮ್ಮಪ್ಪನಿಗೆ ಹೇಳಬೇಡ.

ಹುರಿಗಡಲೆ ಉಂಡೆ, ಕೋಡುಬಳೆ ಕೊರಿಯರ್ ಮಾಡಿದ್ದೇನೆ. ರೂಮಿನವರಿಗೆಲ್ಲ ಹಂಚಿ ಖಾಲಿ ಮಾಡಬೇಡ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡುತ್ತೇನೆ, ಮೊದಲು ತಿಂಡಿ ಏನು ತಿಂದೆ ಅಂತಲೇ ಕೇಳೋದು.

ಅಮ್ಮ