ಜಕಾರ್ತಕ್ಕೆ ಹೋಗುವುದಾದರೆ ಮೊದಲು ಮಲಗುವ ಜಾಗ ನೋಡಿ

ಜೂನ್ ರಜೆ ಹತ್ತಿರ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳ ಸುರಿಮಳೆ. ಬಾಲಿಯಲ್ಲಿ ಯಾವ ಹೋಟೆಲ್, ಬಾತಾಮ್‌ಗೆ ಯಾವ ಫೆರ್ರಿ, ಬ್ಯಾಂಕಾಕ್‌ನಲ್ಲಿ ಸಸ್ಯಾಹಾರಿ ಊಟ ಎಲ್ಲಿ. ಸಿಂಗಪುರದಿಂದ ಎರಡು ಗಂಟೆಯೊಳಗೆ ಮುಟ್ಟಿಸುವ ಜಕಾರ್ತದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಆಫೀಸ್ ಕೆಲಸಕ್ಕೆ ಹೋಗಿ ಬಂದವರು "ಬರೀ ಟ್ರಾಫಿಕ್ಕು, ನೋಡೋಕೆ ಏನಿದೆ" ಅಂದುಬಿಡುತ್ತಾರೆ. ಪಾಪ, ಅವರು ಕಂಡದ್ದು ವಿಮಾನ ನಿಲ್ದಾಣ, ಟ್ಯಾಕ್ಸಿಯ ಹಿಂದಿನ ಸೀಟು, ಮೀಟಿಂಗ್ ಕೋಣೆ ಅಷ್ಟೇ ಅಲ್ವಾ?

ಊರು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಜಕಾರ್ತದೊಳಗೇ ಒಂದು ಕೋಟಿಗೂ ಮಿಕ್ಕಿ ಜನ. ಅಕ್ಕಪಕ್ಕದ ಬೋಗೋರ್, ದೆಪೋಕ್, ತಾಂಗೆರಾಂಗ್, ಬೆಕಾಸಿಗಳು ಅದಕ್ಕೆ ಅಂಟಿಕೊಂಡೇ ಬೆಳೆದಿವೆ. ಎಲ್ಲ ಸೇರಿಸಿ ಜಾಬೋದೆತಾಬೆಕ್ ಅನ್ನುತ್ತಾರೆ, ಮೂರು ಕೋಟಿ ದಾಟುತ್ತದೆ. ಸುಕರ್ನೊ-ಹತ್ತಾ ವಿಮಾನ ನಿಲ್ದಾಣ ಇರುವುದೂ ತಾಂಗೆರಾಂಗ್‌ನಲ್ಲೇ, ಜಕಾರ್ತದಲ್ಲಲ್ಲ. ಇಂಥ ಊರಿಗೆ ಮೊದಲ ಸಲ ಹೋಗುವವರು "ನೋಡಲೇಬೇಕಾದ ಹತ್ತು ಜಾಗ" ಅಂತ ಪಟ್ಟಿ ಹಿಡಿದು ಹೊರಟರೆ ರಜೆಯೆಲ್ಲ ಕಾರಿನಲ್ಲೇ ಮುಗಿಯುತ್ತದೆ. ಪಟ್ಟಿ ಪಕ್ಕಕ್ಕಿಡಿ. ಎಲ್ಲಿ ಉಳಿದುಕೊಳ್ಳುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಆಮೇಲೆ ದಿನಕ್ಕೆ ಒಂದೇ ದಿಕ್ಕು.

ನಕ್ಷೆ ತೆಗೆದು ನೋಡಿ. ಉತ್ತರದ ಹಳೇ ಊರು ಕೋತಾದಿಂದ ಹೊರಟು ಮೊನಾಸ್ ಸ್ತಂಭ, ತಾಮ್ರಿನ್ ರಸ್ತೆ, ಸುದಿರ್ಮಾನ್ ರಸ್ತೆ ಹಾದು ದಕ್ಷಿಣದ ಬ್ಲೋಕ್ ಎಮ್‌ವರೆಗೆ ಒಂದು ಗೆರೆ ಎಳೆಯಬಹುದು. ಮೊದಲ ಸಲ ಹೋದವರಿಗೆ ಬೇಕಾದದ್ದೆಲ್ಲ ಹೆಚ್ಚುಕಡಿಮೆ ಈ ಗೆರೆಯ ಅಕ್ಕಪಕ್ಕದಲ್ಲೇ ಇದೆ. ಈ ಗೆರೆಯ ಮಧ್ಯದ ಬುಂದರಾನ್ ಎಚ್ಐ ವೃತ್ತದಿಂದ ದಕ್ಷಿಣಕ್ಕೆ 2019ರ ಮಾರ್ಚ್‌ನಿಂದ ಮೆಟ್ರೋ ಓಡುತ್ತಿದೆ. ಲೆಬಾಕ್ ಬುಲುಸ್‌ವರೆಗೆ 13 ನಿಲ್ದಾಣ, ಅರ್ಧ ಗಂಟೆಯ ದಾರಿ. ಉತ್ತರಕ್ಕೆ ಹೋಗಲು ಟ್ರಾನ್ಸ್‌ಜಕಾರ್ತ ಬಸ್ಸಿದೆ. 2004ರಲ್ಲಿ ಶುರುವಾದ ಇದರ ಮೊದಲ ಮಾರ್ಗವೇ ಬ್ಲೋಕ್ ಎಮ್‌ನಿಂದ ಕೋತಾಕ್ಕೆ. ಬಸ್ಸಿಗೆ ಬೇರೆಯದೇ ಲೇನ್. ಪಕ್ಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುವಾಗ ನಿಮ್ಮ ಬಸ್ಸು ಮುಂದೆ ಹೋಗುತ್ತಿರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ವರ್ಷಗಟ್ಟಲೆ ಕಾದವರಿಗೆ ಅದೊಂದು ಬೇರೆಯೇ ಸುಖ. ಟಿಕೆಟ್ 3,500 ರೂಪಿಯಾ. ಸಿಂಗಪುರದ ಒಂದು ಡಾಲರ್‌ಗೆ 12 ಸಾವಿರಕ್ಕೂ ಮಿಕ್ಕಿ ರೂಪಿಯಾ ಸಿಗುತ್ತದೆ, ಲೆಕ್ಕ ಹಾಕಿಕೊಳ್ಳಿ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಇಂಡೋಮಾರೆತ್ ಅಂಗಡಿಯಲ್ಲಿ ಬ್ಯಾಂಕಿನ ಇ-ಮನಿ ಕಾರ್ಡ್ ಕೊಂಡು ದುಡ್ಡು ತುಂಬಿಸಿದರೆ ಬಸ್ಸು, ಮೆಟ್ರೋ, ಲೋಕಲ್ ರೈಲು ಎಲ್ಲಕ್ಕೂ ಆಯಿತು.

ಹಾಗಾಗಿ ಹೋಟೆಲ್ ಹುಡುಕುವಾಗ ಬುಂದರಾನ್ ಎಚ್ಐ, ದುಕುಹ್ ಅತಾಸ್, ಸೆತಿಯಾಬುದಿ ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ ದುಕುಹ್ ಅತಾಸ್ ವಾಸಿ. ಮೆಟ್ರೋ, ಲೋಕಲ್ ರೈಲು, ಎಲ್‌ಆರ್‌ಟಿ, ವಿಮಾನ ನಿಲ್ದಾಣದ ರೈಲು ನಾಲ್ಕೂ ಅಲ್ಲಿ ನಡೆದು ಹೋಗುವ ದೂರದಲ್ಲಿ ಸೇರುತ್ತವೆ. ದೂರದ ಬಡಾವಣೆಯಲ್ಲಿ ಇಷ್ಟೇ ದುಡ್ಡಿಗೆ ಈಜುಕೊಳ ಇರುವ ಹೋಟೆಲ್ ಸಿಗಬಹುದು. ಮಕ್ಕಳು ಅದನ್ನೇ ಹಿಡಿದು ಕೂರುತ್ತಾರೆ. ಅಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ, ಜೊತೆಗೆ ದಿನಾ ಬೆಳಗ್ಗೆ ಸಂಜೆ ಒಂದೊಂದು ಗಂಟೆ.

ವೀಸಾ ವಿಷಯ ಚುಟುಕಾಗಿ. ಸಿಂಗಪುರದ ಪಾಸ್‌ಪೋರ್ಟ್ ಇದ್ದವರಿಗೆ ಚಿಂತೆ ಇಲ್ಲ. ಭಾರತದ ಪಾಸ್‌ಪೋರ್ಟ್‌ಗೆ 5 ಲಕ್ಷ ರೂಪಿಯಾ, 30 ದಿನಕ್ಕೆ. ಮೊತ್ತ ಕೇಳಿ ಗಾಬರಿಯಾಗಬೇಡಿ, ನಮ್ಮ ಸುಮಾರು 40 ಡಾಲರ್. ಇಳಿದ ಮೇಲೂ ಕೊಡಬಹುದು, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಂಡರೆ ಒಂದು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಆಯುಸ್ಸಿರಲಿ.

ಒಂದು ದಿನ ನಡುವಿನ ಭಾಗಕ್ಕೆ ಇಡಿ. ತಾಮ್ರಿನ್ ರಸ್ತೆ ಮುಗಿಯುವ ಕಡೆ ಕುದುರೆಗಳು ಹಾರುತ್ತಿರುವ ದೊಡ್ಡದೊಂದು ರಥ ಕಾಣುತ್ತದೆ. ಅರ್ಜುನ ಮತ್ತು ಸಾರಥಿ ಕೃಷ್ಣ. 1987ರಲ್ಲಿ ನಿಲ್ಲಿಸಿದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ರಾಜಧಾನಿಯ ನಟ್ಟನಡುವೆ ಮಹಾಭಾರತ! ಅಲ್ಲಿಯ ಜನಕ್ಕೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ, ಅರ್ಜುನ ಅವರ ತೊಗಲುಬೊಂಬೆಯಾಟದ ನಾಯಕ. ಮುಂದೆ 132 ಮೀಟರ್ ಎತ್ತರದ ಮೊನಾಸ್. ಅದರಾಚೆ ಇಸ್ತಿಕ್ಲಾಲ್ ಮಸೀದಿ, ಎದುರಿಗೇ 1901ರ ಕೆಥೆಡ್ರಲ್. ಮಸೀದಿಯ ವಿನ್ಯಾಸ ಮಾಡಿದ ಫ್ರೆಡೆರಿಕ್ ಸಿಲಾಬಾನ್ ಕ್ರೈಸ್ತರು. ಈಗ ಎರಡೂ ಕಟ್ಟಡಗಳ ನಡುವೆ ಒಂದು ಸುರಂಗದಾರಿಯೂ ಇದೆ.

ಸಮಯ ಕಮ್ಮಿ ಇದ್ದರೆ ಮೊನಾಸ್ ಹತ್ತುವುದನ್ನು ಬಿಡಿ, ರಾಷ್ಟ್ರೀಯ ಮ್ಯೂಸಿಯಂ ಬಿಡಬೇಡಿ. ಬಾಗಿಲಲ್ಲಿರುವ ಕಂಚಿನ ಆನೆ 1871ರಲ್ಲಿ ಸಯಾಮಿನ ದೊರೆ ಚುಲಾಲೊಂಗ್‌ಕಾರ್ನ್ ಕೊಟ್ಟದ್ದು. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಬೆಂಕಿ ಬಿದ್ದಿತ್ತು, 2024ರ ಅಕ್ಟೋಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಇಲ್ಲಿಯ ಸಂಗ್ರಹದಲ್ಲಿ ತುಗು ಶಾಸನ ಅನ್ನುವ ಕಲ್ಲೊಂದಿದೆ. ಮೊಟ್ಟೆಯಾಕಾರದ ಬಂಡೆ, ಅದರ ಸುತ್ತ ಐದು ಸಾಲು ಬರಹ. ಪೂರ್ತಿ ನೋಡಬೇಕೆಂದರೆ ಸುತ್ತು ಬರಬೇಕು. ಸಂಸ್ಕೃತ ಭಾಷೆ, ಪಲ್ಲವ ಲಿಪಿ, ಐದನೇ ಶತಮಾನದ್ದು. ಅಂದರೆ ನಮ್ಮ ಹಲ್ಮಿಡಿಯ ಆಸುಪಾಸಿನ ಕಾಲ. ತಾರುಮಾನಗರದ ರಾಜ ಪೂರ್ಣವರ್ಮ 21 ದಿನದಲ್ಲಿ ಗೋಮತಿ ಅನ್ನುವ ಕಾಲುವೆ ತೋಡಿಸಿ ಸಾವಿರ ಹಸು ದಾನ ಕೊಟ್ಟ ಕಥೆ ಅದು. ಚಂದ್ರಭಾಗಾ ಅನ್ನುವ ಇನ್ನೊಂದು ಕಾಲುವೆಯ ಹೆಸರೂ ಬರುತ್ತದೆ. ಕಲ್ಲು ಸಿಕ್ಕಿದ್ದು ಇದೇ ಜಕಾರ್ತದ ಉತ್ತರ ಭಾಗದಲ್ಲಿ. ಸಾವಿರದೈನೂರು ವರ್ಷದ ಹಿಂದೆಯೂ ಈ ಜಾಗದ ದೊರೆಗೆ ನೀರು ಸಾಗಿಸುವುದೇ ದೊಡ್ಡ ಕೆಲಸ. ಇವತ್ತಿಗೂ ಜನವರಿ, ಫೆಬ್ರವರಿಯಲ್ಲಿ ಊರಿಗೆ ನೀರು ನುಗ್ಗುತ್ತದೆ, ಉತ್ತರದ ಕರಾವಳಿ ಕುಸಿಯುತ್ತಲೇ ಇದೆ. ಅದಕ್ಕೇ ಹೋಗುವುದಾದರೆ ಜೂನ್‌ನಲ್ಲಿ ಹೋಗಿ ಅನ್ನುವುದು.

"ರಾಜಧಾನಿ ಬೇರೆ ಕಡೆ ಹೋಗುತ್ತಂತಲ್ಲ" ಅಂತ ಕೆಲವರು ಕೇಳುತ್ತಾರೆ. 2019ರಲ್ಲಿ ಘೋಷಣೆಯಾಗಿ 2022ರಲ್ಲಿ ಕಾನೂನೂ ಆಯಿತು. ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂತಾನದಲ್ಲಿ ನುಸಂತರ ಅನ್ನುವ ಹೊಸ ಊರು ಕಟ್ಟುತ್ತಿದ್ದಾರೆ. ಆಡಳಿತದ ಬಹುಪಾಲು ಇನ್ನೂ ಜಕಾರ್ತದಲ್ಲೇ ಇದೆ. ತಮಾಷೆ ನೋಡಿ, ಇಂಡೋನೇಷ್ಯಾದ ಅತಿ ಹಳೆಯ ಶಾಸನಗಳೆನಿಸಿದ ರಾಜ ಮೂಲವರ್ಮನ ಯೂಪ (ಯಜ್ಞದ) ಕಂಬಗಳು ಸಿಕ್ಕಿದ್ದು ಅದೇ ಪೂರ್ವ ಕಾಲಿಮಂತಾನದಲ್ಲಿ. ಅವೂ ಇದೇ ಮ್ಯೂಸಿಯಂಗೆ ಬಂದು ಸೇರಿವೆ.

ಇನ್ನೊಂದು ದಿನ ಉತ್ತರಕ್ಕೆ. ಡಚ್ಚರು 1619ರಲ್ಲಿ ಕಟ್ಟಿದ ಬತಾವಿಯಾ ಊರಿನ ಉಳಿಕೆ ಕೋತಾ ತುವಾದಲ್ಲಿದೆ. ಫತಾಹಿಲ್ಲಾ ಚೌಕದಲ್ಲಿ ಬಣ್ಣದ ಸೈಕಲ್, ಅದಕ್ಕೆ ಹೊಂದುವ ಬಣ್ಣದ ಟೋಪಿ ಬಾಡಿಗೆಗೆ ಕೊಡುತ್ತಾರೆ. ಮಕ್ಕಳಿಗೆ ಅಷ್ಟೇ ಸಾಕು. ದೊಡ್ಡವರು ವಯಾಂಗ್ ಮ್ಯೂಸಿಯಂನಲ್ಲಿ ಜಾವಾದ ತೊಗಲುಬೊಂಬೆ ನೋಡಿ. ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ, ಮರೆಯಬೇಡಿ. ಮೂರನೇ ದಿನ ಇದ್ದರೆ ಲೋಕಲ್ ರೈಲು ಹತ್ತಿ ದಕ್ಷಿಣದ ಬೋಗೋರ್‌ಗೆ ಹೋಗಿ. 1817ರಲ್ಲಿ ಶುರುವಾದ ಸಸ್ಯೋದ್ಯಾನ, ಒಳಗೆ ನಮ್ಮ ಸಿಂಗಪುರದ ರಾಫಲ್ಸ್ ತನ್ನ ಮೊದಲ ಹೆಂಡತಿ ಒಲಿವಿಯಾ ನೆನಪಿಗೆ ಕಟ್ಟಿಸಿದ ಮಂಟಪ ಇದೆ. ಮಧ್ಯಾಹ್ನದ ಮೇಲೆ ಮಳೆ ಬಂದೇ ಬರುತ್ತದೆ ಅಂದುಕೊಂಡು ಬೆಳಗ್ಗೆಯೇ ಹೊರಡಿ.

ಈಗ ಊಟ. ತೆಂಪೆ, ತಾಹು (ಎರಡೂ ಸೋಯಾದ್ದು), ಕಡಲೆಕಾಯಿ, ತೆಂಗು ಧಾರಾಳವಾಗಿ ಸಿಗುವ ಊರು, ಸಸ್ಯಾಹಾರಿಗಳು ಹೆದರಬೇಕಿಲ್ಲ. ಆದರೆ ಸುಮ್ನೆ ಕೈ ತೋರಿಸಿ "ಅದು ಕೊಡಿ" ಅಂದರೆ ಕೆಟ್ಟಿರಿ. ಗಾಡಿಯಲ್ಲಿ ಗದೋ-ಗದೋ, ಅಂದರೆ ಕಡಲೆಕಾಯಿ ಚಟ್ನಿ ಬೆರೆಸಿದ ತರಕಾರಿ, ಮಾಡುವುದನ್ನು ಗಮನಿಸಿ. ಕಲ್ಲಿನ ತಟ್ಟೆಯ ಮೇಲೆ ಹುರಿದ ಕಡಲೆಕಾಯಿ, ಮೆಣಸಿನಕಾಯಿ, ತಾಳೆಬೆಲ್ಲ, ಹುಳಿ ಇಟ್ಟು ನಿಮ್ಮೆದುರೇ ಅರೆಯುತ್ತಾರೆ. ಆ ಹೊತ್ತಿಗೇ ಕಂದುಬಣ್ಣದ ಒಂದು ಚಿಟಿಕೆ ಕೂಡ ಬೀಳುತ್ತದೆ. ಅದು ತೆರಾಸಿ, ಸಿಗಡಿ ಹುದುಗಿಸಿ ಮಾಡಿದ್ದು. ಹಾಗಾಗಿ ಅರೆಯಲು ಕೂರುವ ಮುಂಚೆಯೇ "ತನ್ಪಾ ತೆರಾಸಿ" ಅನ್ನಿ, ಅಂದರೆ ತೆರಾಸಿ ಬೇಡ. ಮೇಲೆ ಚೆಲ್ಲುವ ಹಪ್ಪಳವೂ ಸಿಗಡಿಯದ್ದಾಗಿರಬಹುದು, ಮೊಟ್ಟೆಯೂ ಬರುತ್ತದೆ. ಎರಡೂ ಬೇಡ ಅಂತ ಅದೇ ಉಸಿರಿನಲ್ಲಿ ಹೇಳಿಬಿಡಿ. ಸಂಜೆ ಬಿದಿರಿನ ಕೊಳವೆಯಲ್ಲಿ ಹಬೆಯಾಡಿಸುವ ಪುತು ಸಿಕ್ಕರೆ ಬಿಡಬೇಡಿ. ಅಕ್ಕಿಹಿಟ್ಟು, ಒಳಗೆ ಬೆಲ್ಲ, ಮೇಲೆ ತೆಂಗಿನತುರಿ. ಅಲ್ಲಿ ಏನನ್ನೂ ಕೇಳಬೇಕಿಲ್ಲ. ಅನ್ನ ಸಾರಿನ ನೆನಪು ಜಾಸ್ತಿಯಾದರೆ ಪಸಾರ್ ಬಾರು ಕಡೆ ಹೋಗಿ. ಭಾರತದಿಂದ ಬಂದವರ ಬಟ್ಟೆ ಅಂಗಡಿಗಳಿರುವ ಹಳೇ ಪೇಟೆ, ಒಂದು ಗುರುದ್ವಾರವೂ ಇದೆ. ಸಾರು ಸಿಗುತ್ತೆ ಅಂತ ನಾನು ಮಾತು ಕೊಡುವುದಿಲ್ಲ, ರೊಟ್ಟಿ ದಾಲ್‌ಗೆ ತೊಂದರೆಯಿಲ್ಲ.

ದಿನ ಆರಿಸುವಾಗ ಒಂದು ಭಾನುವಾರ ಸೇರಿರಲಿ. ಬೆಳಗ್ಗೆ ಆರರ ಹೊತ್ತಿಗೆ ಸುದಿರ್ಮಾನ್, ತಾಮ್ರಿನ್ ರಸ್ತೆಗಳಲ್ಲಿ ಕಾರು ಬಂದ್. ವಾರವಿಡೀ ಹಾರ್ನ್ ಕೇಳಿದ ರಸ್ತೆಯಲ್ಲಿ ಅಜ್ಜಂದಿರು, ಮಕ್ಕಳು, ಸೈಕಲ್ಲು. ರಂಜಾನ್ ಹಬ್ಬದ ವಾರ ಮಾತ್ರ ಬೇಡ. ಜನ ಊರಿಗೆ ಹೋಗಿರುತ್ತಾರೆ, ರಸ್ತೆಯೇನೋ ಖಾಲಿ, ಅಂಗಡಿಗಳೂ ಖಾಲಿ. ಊರಿನ ಹುಟ್ಟುಹಬ್ಬ ಜೂನ್ 22ಕ್ಕೆ. 1527ರಿಂದ ಎಣಿಸುತ್ತಾರೆ, ಹಾಗಾಗಿ 2027ಕ್ಕೆ 500 ತುಂಬುತ್ತದೆ. ಆ ಜೂನ್‌ಗೆ ಯೋಚಿಸುವವರು ಹೋಟೆಲ್ ಬೇಗ ಹಿಡಿಯಿರಿ.

ವಾಪಸ್ ಬರುವ ವಿಮಾನ ಶುಕ್ರವಾರ ಸಂಜೆಯದ್ದಾದರೆ ಟ್ಯಾಕ್ಸಿ ನಂಬಬೇಡಿ. ದುಕುಹ್ ಅತಾಸ್ ಪಕ್ಕದ ಬಿಎನ್‌ಐ ಸಿಟಿ ನಿಲ್ದಾಣದಿಂದ ರೈಲು ಒಂದು ಗಂಟೆಯೊಳಗೆ ವಿಮಾನ ನಿಲ್ದಾಣ ಮುಟ್ಟಿಸುತ್ತದೆ, ಅಲ್ಲಿಂದ ಟರ್ಮಿನಲ್‌ಗೆ ಪುಕ್ಕಟೆ ಸ್ಕೈಟ್ರೈನ್. ಹೋಗಿ ಬಂದವರು ಎರಡು ಫೋಟೋ, ಒಂದು ಪುಟ ಬರಹ ಮುಂದಿನ ಸಂಚಿಕೆಗೆ ಕಳಿಸಿ. ಬಾಲಿಯ ಸೂರ್ಯಾಸ್ತದ ಫೋಟೋಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.